ಓದುಪಾಟಿಗೆ ಅಪ್ಪನ ದನಿ

ಇಂಚರಾಳ ಕಣ್ಣು ‘ಮಧ್ಯಾಹ್ನ’ ಎಂಬ ಪದದ ಮೇಲೆ ಬಂದು ನಿಂತಿತು. ಒಂದು ಕ್ಷಣ, ಎರಡು ಕ್ಷಣ. ಪಾಟಿ ಸುಮ್ಮನಿತ್ತು. ಮೂರನೆಯ ಕ್ಷಣಕ್ಕೆ ಅದು ಯಂತ್ರದ ದನಿಯಲ್ಲಿ ಮೆಲ್ಲಗೆ “ಮ...” ಎಂದಿತು. ಹುಡುಗಿ ತುಟಿ ಕಚ್ಚಿ, “ಮಧ್... ಮಧ್ಯಾಹ್ನ!” ಎಂದು ಉಳಿದದ್ದನ್ನು ತಾನೇ ಎಳೆದು ತಂದಳು. ಕಣ್ಣು ಮುಂದಿನ ಪದಕ್ಕೆ ಜಿಗಿಯಿತು.

ಅದು ಎರಡು ಸಾವಿರದ ಐವತ್ತೆಂಟನೇ ಇಸವಿ. ಬೆಟಗೇರಿಯ ಅವಳ ಶಾಲೆಗೆ ಓದುಪಾಟಿ ಬಂದು ಎರಡು ತಿಂಗಳಾಗಿತ್ತು. ನೋಡಲು ಹಳೆಯ ಕಾಲದ ಸ್ಲೇಟಿನಷ್ಟೇ ಅಗಲ, ತೂಕವೂ ಅಷ್ಟೇ. ಮೇಲಂಚಿನಲ್ಲಿರುವ ಸಾಸಿವೆ ಗಾತ್ರದ ಕ್ಯಾಮೆರಾ, ಮಗುವಿನ ಕಣ್ಣು ಯಾವ ಅಕ್ಷರದ ಮೇಲಿದೆ ಎಂದು ನೋಡುತ್ತಿರುತ್ತದೆ. ಒಳಗಿನ ತಂತ್ರಾಂಶ ಆ ಮಗು ಎಲ್ಲಿ, ಎಷ್ಟು ಹೊತ್ತು ತಡವರಿಸುತ್ತದೆ ಎಂಬುದನ್ನು ದಿನದಿನಕ್ಕೆ ಕಲಿಯುತ್ತ ಹೋಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ, ಅಂದರೆ ಬುದ್ಧಿ ಚುರುಕಾಗಿದ್ದರೂ ಅಕ್ಷರ ಕೂಡಿಸಿ ಓದುವುದೊಂದು ಮಾತ್ರ ಕೈಗೆ ಹತ್ತದ ಮಕ್ಕಳಿಗೆ, ಹುಬ್ಬಳ್ಳಿಯ ಡಾ. ತಸ್ನೀಮ್ ನದಾಫ ಇದನ್ನು ರೂಪಿಸಿದ್ದರು.

ಮಕ್ಕಳು ಯಂತ್ರದ ದನಿಗಿಂತ ಮನೆಯವರ ದನಿಯನ್ನು ಹೆಚ್ಚು ನಂಬುತ್ತಾರೆ ಎಂಬುದು ತಸ್ನೀಮ್ ಕಂಡುಕೊಂಡ ಸಂಗತಿ. ಹಾಗಾಗಿ ಮಗು ಯಾರನ್ನು ಆರಿಸುತ್ತದೋ ಅವರು ಶಾಲೆಗೆ ಬಂದು, ಪಾಟಿಯ ಮುಂದೆ ಕೂತು ಹನ್ನೆರಡು ಸಾಲು ಓದಬೇಕಿತ್ತು; ಪಾಟಿ ಆ ದನಿಯನ್ನು ಕಲಿತು ಬೇರೆ ಪದಗಳನ್ನೂ ಅದರಲ್ಲೇ ಹೇಳುತ್ತಿತ್ತು. ಬರೀ ಮಾತಾಡಿದರೆ ಸಾಲದು. ಓದುವಾಗ ದನಿ ಏರಿ ಇಳಿಯುವ ಬಗೆಯೇ ಬೇರೆ. “ನಿನಗ ಯಾರ ದನಿ ಬೇಕು?” ಎಂದು ಕೇಳಿದಾಗ ಇಂಚರಾ ಹಿಂದೆಮುಂದೆ ನೋಡದೆ, “ನಮ್ಮಪ್ಪಂದು” ಅಂದುಬಿಟ್ಟಳು.

ಸುದ್ದಿ ಕೇಳಿದ ಅಪ್ಪ, ಬೋರ್ಡು ಬರೆಯುವ ಮೌನೇಶ ಚಿತ್ರಗಾರ, ಅದ್ದಿದ್ದ ಕುಂಚವನ್ನು ಬಣ್ಣದ ಡಬ್ಬಿಯಲ್ಲೇ ಬಿಟ್ಟ. ಅವನಿಗೆ ಓದಲು ಬರುತ್ತಿರಲಿಲ್ಲ.

ಹೇಳಿದರೂ ಊರು ನಂಬುವಂತಿರಲಿಲ್ಲ. ಮಿನುಗುವ ಫಲಕಗಳು ಸಾಕಾಗಿ ಜನ ಮತ್ತೆ ಕೈಯಲ್ಲಿ ಬರೆದ ಬೋರ್ಡಿಗೆ ಮುಗಿಬಿದ್ದಿದ್ದ ಕಾಲ. ಗದಗಿನಿಂದ ಲಕ್ಷ್ಮೇಶ್ವರದವರೆಗೆ ಅರ್ಧಕ್ಕರ್ಧ ಅಂಗಡಿಗಳ ಹೆಸರು ಅವನ ಕುಂಚದ್ದೇ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಚಿತ್ರದಂತೆ ನೋಡಿ, ಚಿತ್ರದಂತೆಯೇ ಬಿಡಿಸುತ್ತಿದ್ದ. ಒಂಟಿ ಅಕ್ಷರವೆಂದರೆ ಅವನಿಗೆ ಪ್ರಾಣ. ಅವೇ ಸಾಲಾಗಿ ನಿಂತರೆ ತಲೆ ಕೆಡುತ್ತಿತ್ತು. ಇದು ಗೊತ್ತಿದ್ದದ್ದು ಹೆಂಡತಿ ಪಲ್ಲವಿಗೆ ಮಾತ್ರ. ಮಗಳ ಕಣ್ಣಿನಲ್ಲಿ ಅಪ್ಪನೆಂದರೆ ಊರಿಗೆಲ್ಲ ಅಕ್ಷರ ಬರೆದುಕೊಡುವ ಮನುಷ್ಯ. ಆ ಪಟ್ಟದಿಂದ ಇಳಿಯಲು ಯಾವ ಅಪ್ಪನಿಗೆ ತಾನೇ ಮನಸ್ಸು ಬಂದೀತು?

“ನೀನ ಹೋಗಿ ಓದಿ ಬಾ. ನಿನ್ನ ದನಿನೂ ಛಲೋ ಐತಿ,” ಎಂದು ಹೆಂಡತಿಯ ಮುಂದೆ ಗೋಗರೆದ.

“ಆಕಿ ಕೇಳಿದ್ದು ನಿಮ್ಮ ದನಿ,” ಎಂದಳು ಪಲ್ಲವಿ. “ಹನ್ನೆರಡ ಸಾಲು ಹೌದಲ್ರಿ? ಶಾಲಿಯವರು ಹಾಳಿ ಕೊಟ್ಟು ಕಳಿಸ್ಯಾರ. ನಾ ಹೇಳಿಕೊಡ್ತೀನಿ, ಬಾಯಿಪಾಠ ಮಾಡ್ರಿ.”

ಕೆರೆದಂಡೆಯ ಕೊಕ್ಕರೆಯೊಂದರ ಕತೆ ಅದು. ಮೌನೇಶ ನಾಲ್ಕು ದಿನ ಏಣಿಯ ಮೇಲೆ ನಿಂತು ಬಣ್ಣ ಹಚ್ಚುತ್ತಲೇ ಅದನ್ನು ಗೊಣಗಿದ. ಐದನೆಯ ದಿನಕ್ಕೆ ನೀರು ಕುಡಿದಷ್ಟು ಸಲೀಸಾಯಿತು.

ಶನಿವಾರ ಬೆಳಿಗ್ಗೆ ಶಾಲೆಗೆ ಹೋದ. ತಸ್ನೀಮ್ ಕುರ್ಚಿ ಎಳೆದು ಕೊಟ್ಟರು. ಇಂಚರಾ ಅಪ್ಪನಿಗೆ ಒತ್ತಿಕೊಂಡು ನಿಂತಳು. ಮೌನೇಶ ಗಂಟಲು ಸರಿಮಾಡಿಕೊಂಡು ಶುರುಹಚ್ಚಿಕೊಂಡ. ಎಷ್ಟು ಚೆನ್ನಾಗಿ ಹೇಳಿದನೆಂದರೆ ಮಗಳ ಮುಖ ಅರಳಿಹೋಯಿತು. ನಾಲ್ಕನೆಯ ಸಾಲಿಗೆ ಬಂದಿದ್ದ, ಅಷ್ಟರಲ್ಲಿ ಪಾಟಿ ನಡುವೆ ಬಾಯಿ ಹಾಕಿತು.

“ನಿಧಾನ. ನಿಮ್ಮ ಕಣ್ಣು ಇನ್ನೂ ಮೊದಲ ಪದದ ಮೇಲಿದೆ.”

ಅವನು ಬಾಯಿಗೆ ಪಾಠ ಕಲಿಸಿದ್ದ, ಕಣ್ಣಿಗೆ ಕಲಿಸಿರಲಿಲ್ಲ. ಬಾಯಿ ಕತೆ ಹೇಳುತ್ತಿದ್ದಾಗ ಅವನ ಕಣ್ಣು ‘ಕೊ’ ಅಕ್ಷರದ ಒತ್ವದ ತಿರುವು ನೋಡುತ್ತ ಅಲ್ಲೇ ಕೂತುಬಿಟ್ಟಿತ್ತು. ಯಾರ ಮಾನವನ್ನು ಯಾವಾಗ ಕಾಯಬೇಕೆಂದು ಪಾಟಿಗೆ ಹೇಗೆ ಗೊತ್ತಾಗಬೇಕು? ಅದು ಚಿಕ್ಕ ಮಗುವಿಗೆ ಹೇಳಿಕೊಡುವಂತೆ “ಕೊ...” ಎಂದು ಪಿಸುಗುಟ್ಟಿತು. ಸ್ವಲ್ಪ ಕಾದು, “ಕೊಕ್ಕ...” ಎಂದಿತು.

ತಸ್ನೀಮ್‌ಗೆ ಎಲ್ಲ ತಿಳಿದುಹೋಯಿತು. ಬೇಗ ಕೈ ಚಾಚಿ ಪಾಟಿ ಆರಿಸಿದರು. “ಇದಕ್ಕ ಏನೋ ಆಗೇತಿ ಇವತ್ತ. ಇನ್ನೊಂದ್ ದಿನ ನೋಡೂಣಂತ್ರಿ,” ಎಂದರು. ಮೌನೇಶ ಆಗಲೇ ಎದ್ದಿದ್ದ. “ಹೌದ್ರಿ ಮೇಡಂ, ನಂದೂ ಒಂದ್ ಬೋರ್ಡು ಅರ್ಧಕ್ಕ ನಿಂತೈತಿ...”

“ಅಪ್ಪಾ,” ಎಂದಳು ಇಂಚರಾ. “ನಿನಗೂ ಗಂಟ ಬೀಳ್ತಾವು?”

ಅಕ್ಷರಗಳು ಒಂದಕ್ಕೊಂದು ತೊಡರಿಕೊಳ್ಳುವುದಕ್ಕೆ ಅವಳು ಇಟ್ಟುಕೊಂಡಿದ್ದ ಹೆಸರು ಅದು. ಆ ದನಿಯಲ್ಲಿ ಅಣಕವಿರಲಿಲ್ಲ, ಬೇಸರವೂ ಇರಲಿಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿಗೆ ಗುರುತಿನವರೊಬ್ಬರು ಸಿಕ್ಕಂತಹ ಖುಷಿಯಿತ್ತು. ಕನ್ನಡಕ ಮರೆತು ಬಂದೆ ಎಂದು ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಮುಖ ನೋಡಿ ಸುಳ್ಳು ಹೇಳುವುದು ಮೌನೇಶನಿಂದ ಆಗಲಿಲ್ಲ. ಮತ್ತೆ ಕೂತ.

“ಹೂಂ ಅವ್ವಾ. ಸಣ್ಣಾಂವ ಇದ್ದಾಗಿಂದ.”

“ಹಂಗಾದ್ರ ಅವಸರ ಮಾಡಬ್ಯಾಡ. ಇದು ಕಾಯ್ತೈತಿ. ಇದಕ್ಕ ಸಿಟ್ಟ ಬರಂಗಿಲ್ಲ,” ಎಂದು ಅವಳೇ ಪಾಟಿ ಹಚ್ಚಿ, ಮೊದಲ ಪದದ ಕೆಳಗೆ ಬೆರಳಿಟ್ಟಳು.

ಹನ್ನೆರಡು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮೌನೇಶನ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ಮೂವತ್ತೊಂಬತ್ತು ವರ್ಷದ ಬದುಕಿನಲ್ಲಿ ಅವನು ಪೂರಾ ಓದಿದ ಮೊದಲ ಪುಟ ಅದು.

ಇಷ್ಟು ಮುಗ್ಗರಿಸುವ ದನಿ ಮಗುವಿಗೆ ಕೆಲಸಕ್ಕೆ ಬಾರದೆಂದು ತಸ್ನೀಮ್ ಅಂದುಕೊಂಡಿದ್ದರು. ಅಳಿಸಲು ಇಂಚರಾ ಬಿಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಲೆಕ್ಕಾಚಾರವೇ ಬೇರೆಯಾಯಿತು: ಸರಾಗವಾದ ದನಿಗಳ ಜೊತೆ ಕಲಿತ ಮಕ್ಕಳಿಗಿಂತ ಅವಳು ಮುಂದೆ ಹೋಗಿದ್ದಳು. ಅಪ್ಪನ ದನಿ ಅವಳು ಎಡವುವ ಕಡೆಯೇ ಎಡವಿ, ಸಾವರಿಸಿಕೊಂಡು ಮುಂದೆ ಹೋಗುತ್ತಿತ್ತು. ಅದರ ಹಿಂದೆ ಅವಳೂ ಹೋದಳು. ಸರಾಗವಾದ ದನಿಯೇ ಬೇಕೆಂಬ ತಮ್ಮ ನಿಯಮವನ್ನೇ ತಸ್ನೀಮ್ ಬದಲಿಸಿದರು. ಈ ತೊಂದರೆ ಮನೆತನದಲ್ಲಿ ಹರಿದುಬರುವುದು ಅಪರೂಪವಲ್ಲವಾದ್ದರಿಂದ, ಬೇಕೆಂದ ಅಪ್ಪ ಅವ್ವಂದಿರಿಗೂ ಪಾಟಿ ಕೊಡತೊಡಗಿದರು. ಕೇಳಿಕೊಂಡು ಬಂದವರ ಸಾಲು ನೋಡಿ ಅವರಿಗೇ ದಿಗಿಲಾಯಿತು. ಇಷ್ಟು ಜನ ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ್ದರು.

ತನ್ನ ಪಾಟಿ ತೆಗೆದುಕೊಳ್ಳಲು ಬಂದ ದಿನ ಮೌನೇಶ ಕೇಳಿದ: “ಈ ಜಡ್ಡು ಈಗೀಗ ಬಂದದ್ದೇನ್ರಿ ಮೇಡಂ?”

“ಜಡ್ಡಲ್ರಿ ಅದು. ಹೊಸಾದೂ ಅಲ್ಲ. ಡಾಕ್ಟರ ಮಂದಿಗೆ ಇದು ಗೊತ್ತಾಗಿ ನೂರೈವತ್ತು ವರ್ಷದ ಮ್ಯಾಲಾತು.”

“ಅಂದ್ರ, ನಾ ಎರಡನೇ ಕ್ಲಾಸ್ ಇದ್ದಾಗ? ಇಪ್ಪತ್ತಾರನೇ ಇಸವಿಯಾಗ?”

“ಆವಾಗೂ ಗೊತ್ತಿತ್ತು. ಬರದದ್ದನ್ನ ಓದಿ ಹೇಳೋ ಸಾಫ್ಟ್‌ವೇರೂ ಇತ್ತು. ಇಷ್ಟು ಛಲೋ ಇರಲಿಲ್ಲ ಖರೆ. ಆದ್ರ ಇತ್ತು, ಮೊಬೈಲ್‌ನಾಗ.”

ಮೌನೇಶ ಕೈಯಲ್ಲಿದ್ದ ಪಾಟಿಯನ್ನು ಮೇಜಿನ ಮೇಲಿಟ್ಟ.

“ಆ ವರ್ಷ ನನ್ನ ದಿನಾ ಗ್ವಾಡಿಗೆ ಮುಖ ಮಾಡಿ ನಿಲ್ಲಸ್ತಿದ್ರು,” ಎಂದ. “ದಡ್ಡ ಅಂತಿದ್ರು. ನಮ್ಮ ಸರ್ ಕಿಸೇದಾಗ ಮೊಬೈಲ್ ಇತ್ತಲ್ರಿ, ಮೇಡಂ. ದಿನಾ ಇರ್ತಿತ್ತು.”

ತಸ್ನೀಮ್ ತಲೆ ತಗ್ಗಿಸಿದರು. ಆಮೇಲೆ ಮೇಜಿನ ಮೇಲಿದ್ದ ಪಾಟಿಯನ್ನು ಎತ್ತಿ ಅವನ ಕೈಗೆ ಕೊಟ್ಟರು.