ಹಾಲಿನ ಚಿತ್ರವಿದ್ದ ಡಬ್ಬಿ

"ಬರೀ ಕಾಳು, ಸೊಪ್ಪು ತಿಂದು ನಲವತ್ತೆರಡು ಕಿಲೋಮೀಟರ್ ಓಡ್ತೀರಾ?!"

ಜಿಮ್‌ಗೆ ಸೇರಿದ ಮೊದಲ ದಿನವೇ ಟ್ರೈನರ್ ಹೀಗೆ ಕೇಳಿದಾಗ ಲೆಕ್ಕದ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲು ತುಂಬುವಷ್ಟು ಅಗಲದ ಆಸಾಮಿ. ಎಲ್ಲರೂ ಕರೆಯುವುದೇ ಭೀಮ ಎಂದು.

"ಆನೆ ಏನು ತಿನ್ನುತ್ತೆ ಸರ್, ಕೋಳೀನಾ?"

ಭೀಮ ಜೋರಾಗಿ ನಕ್ಕುಬಿಟ್ಟ. ಮರುದಿನದಿಂದ ಅವಳ ಓಟ ಮುಗಿಯುವ ಹೊತ್ತಿಗೆ ಬಾಳೆಹಣ್ಣು, ಸೋಯಾ ಹಾಲು, ಅದೇನೋ ಪುಡಿ ಬೆರೆಸಿದ ಬಾಟಲಿ ಹಿಡಿದು ನಿಂತಿರುತ್ತಿದ್ದ. ಮೂರು ತಿಂಗಳಲ್ಲಿ ಅವಳ ವೇಗ ಹೆಚ್ಚಿತು. ಎದೆಬಡಿತವೂ! ಅದು ಓಟಕ್ಕೋ, ಅವನಿಗೋ... ಲೆಕ್ಕದ ಟೀಚರಿಗೇ ಲೆಕ್ಕ ಸಿಗಲಿಲ್ಲ ನೋಡಿ.

ಮ್ಯಾರಥಾನ್ ಸ್ಪರ್ಧೆಗೆ ನಾಲ್ಕು ದಿನವಿರುವಾಗ ಅವಳು ಜಿಮ್‌ಗೆ ಬೇಗ ಬಂದಳು. ಭೀಮ ಅವಳ ಬಾಟಲಿಗೆ ಪುಡಿ ಹಾಕುತ್ತಿದ್ದ. ಡಬ್ಬಿಯ ಮೇಲೆ ಹಾಲಿನ ಲೋಟದ ಚಿತ್ರ. ಕೆಳಗೆ ದಪ್ಪಕ್ಷರದಲ್ಲಿ 'ಹಾಲಿನ ಪ್ರೋಟೀನ್'.

ಕರುವಿನ ಪಾಲಿನ ಹಾಲು ತನಗೆ ಬೇಡವೆಂದು ಬಿಟ್ಟು ಆರು ವರ್ಷವಾಗಿತ್ತು ಅವಳಿಗೆ.

"ನಂಗೆ ಹಾಲು ಕುಡಿಸಿದ್ರಾ? ಮೂರು ತಿಂಗಳಿಂದ?!"

"ಅಯ್ಯೋ, ಅದು... ಟೀಚರ್, ಸ್ವಲ್ಪ ಕೇಳಿ ಇಲ್ಲಿ..."

ಕೇಳುವ ಸಮಾಧಾನ ಯಾರಿಗಿತ್ತು? ಓಡಿದಳು. ಹಿಂದೆ ಅವನ ಕೂಗು ಕೇಳಿಸಿದರೂ ತಿರುಗಿ ನೋಡಲಿಲ್ಲ. ಅವನ ನಂಬರನ್ನೂ ಬ್ಲಾಕ್ ಮಾಡಿದಳು.

ಎರಡು ದಿನ ಊಟ ಸೇರಲಿಲ್ಲ. 'ಈ ವೇಗ ನನ್ನದಾ, ಆ ಹಾಲಿನದಾ? ಮೋಸ ಮಾಡುವವನು ಬಾಟಲಿಯನ್ನು ಅಷ್ಟು ಜೋಪಾನವಾಗಿ ಒರೆಸಿ ಕೊಡುತ್ತಿದ್ದನಾ? ಸಿಟ್ಟು ಬರಬೇಕಾದ ಕಡೆ ಅಳು ಯಾಕೆ ಬರುತ್ತಿದೆ?' ಸ್ಪರ್ಧೆಯೇ ಬೇಡ ಎನಿಸಿತು.

ಮೂರನೆಯ ದಿನ, ಮನೆಯಲ್ಲಿ ಉಳಿದಿದ್ದ ಅವನ ಬಾಟಲಿಯನ್ನು ಮುಖಕ್ಕೆ ಎಸೆದು ಬರೋಣವೆಂದು ಅವನ ಮನೆಗೇ ಹೋದಳು.

ಬಾಗಿಲು ತೆರೆದ ಅವನ ತಾಯಿಯ ಕೈಯಲ್ಲಿ ಕಡಲೆ ಹುರಿಯುವ ಸೌಟು. "ನೀನೇನಾ ಓಡೋ ಟೀಚರು? ಬಾಮ್ಮ ಒಳಗೆ!"

ಅಡುಗೆಮನೆಯ ಶೆಲ್ಫಿನಲ್ಲಿ ಸಾಲಾಗಿ ಅದೇ ಡಬ್ಬಿಗಳು! ಅದೇ ಹಾಲಿನ ಲೋಟ!

"ಅಮ್ಮಾ, ಇದೆಲ್ಲ..."

"ಮೊದಲು ಇವನು ಕುಡಿದು ಖಾಲಿ ಮಾಡಿದ್ದು ಕಣಮ್ಮ. ಬಿಸಾಕೋಕೆ ನಂಗೆ ಮನಸ್ಸು ಬರಲ್ಲ. ಇದ್ರಲ್ಲಿ ಉಪ್ಪು, ಇದ್ರಲ್ಲಿ ಸೋಪಿನ ಪುಡಿ, ಇದ್ರಲ್ಲಿ ಸೂಜಿದಾರ. ನಿನ್ನ ಬಾಟಲಿಗೆ ಹಾಕೋ ಕಡಲೆಪುಡೀನೂ ಇಂಥದ್ರಲ್ಲೇ ಹಾಕಿ ಕಳಿಸ್ತಿದ್ದೆ. ಈಗ ಅವನೂ ಹಾಲು, ಮೊಟ್ಟೆ ಮುಟ್ಟಲ್ಲ. ಯಾಕೋ ಅಂದ್ರೆ, 'ಆನೆ ತಿನ್ನುತ್ತಾ?' ಅಂತ ನನ್ನನ್ನೇ ಕೇಳ್ತಾನೆ!"

ಟೀಚರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತಿರುಗಿದರೆ ಬಾಗಿಲಲ್ಲಿ ಭೀಮ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಹಿಂದೆ ಓಡಿ ಬಂದೆ. ಎರಡು ಬೀದಿಗೇ ಏದುಸಿರು ಬಂತು. ನಿಮ್ಮನ್ನ ಹಿಡಿಯೋಕಾಗುತ್ತಾ ಟೀಚರ್?"

ಅವಳು ನಕ್ಕಳು. ನಗುತ್ತಲೇ ಅತ್ತುಬಿಟ್ಟಳು. ತಾಯಿ ಒಲೆ ನೋಡುವ ನೆಪದಲ್ಲಿ ಆ ಕಡೆ ತಿರುಗಿದರು.

"ಭಾನುವಾರ ಓಡ್ತೀರಲ್ಲ?"

"ಓಡ್ತೀನಿ. ವೇಗ ನನ್ನದೇ ಅಂತ ಗೊತ್ತಾಯ್ತಲ್ಲ."

"ನಂಗೆ ನೀವು ಇಷ್ಟ ಟೀಚರ್... ನಿಮ್ಮಿಂದ ಮುಚ್ಚಿಟ್ಟಿದ್ದು ಇದೊಂದೇ."

ಅವಳು ಕಣ್ಣೊರೆಸಿಕೊಂಡಳು. "ಇನ್ನೊಂದ್ಸಲ ನಾನು ಸಿಟ್ಟಲ್ಲಿ ಓಡಿಹೋದ್ರೆ?"

"ಆಗಲೂ ಹಿಡಿಯೋಕಾಗಲ್ಲ..."

"ಗೊತ್ತು. ಎರಡನೇ ಬೀದಿ ತುದೀಲಿ ನಾನೇ ನಿಂತಿರ್ತೀನಿ."