ಕಲ್ಲುಹೊಳೆಯ ಮೀನು, ಬಿಸಿಹೊಳೆಯ ಹೆಣ್ಣು

ಬಹಳ ಬಹಳ ಹಿಂದೆ, ಮೀನು ಮಾತಾಡಿದರೆ ಯಾರೂ ಬೆರಗಾಗದಿದ್ದ ಕಾಲದಲ್ಲಿ, ತ್ರಿಧಾರೆ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಮೂರು ಹೊಳೆಗಳಿದ್ದವು, ಆದ್ದರಿಂದಲೇ ಆ ಹೆಸರು.

ಮೊದಲನೆಯದು ಬಿಸಿಹೊಳೆ. ಅದು ಬಿಸಿನೀರ ಬುಗ್ಗೆಯಲ್ಲಿ ಹುಟ್ಟಿ ಬಯಲಿನಲ್ಲಿ ಮೆಲ್ಲಗೆ ಹರಿಯುತ್ತಿತ್ತು. ಎರಡನೆಯದು ಕರಿಹೊಳೆ. ಕಾಡಿನ ಕೊಳೆತ ಎಲೆಗಳ ಬಣ್ಣ ಇಳಿದು ಅದರ ನೀರು ಕಾಡಿಗೆಯಂತೆ ಕಪ್ಪಾಗಿತ್ತು. ಮೂರನೆಯದು ಕಲ್ಲುಹೊಳೆ. ಅದು ಮೈ ಕೊರೆಯುವಷ್ಟು ತಣ್ಣಗೆ, ಬಂಡೆಯಿಂದ ಬಂಡೆಗೆ ಧುಮುಕುತ್ತಾ ಬರುತ್ತಿತ್ತು. ಮೂರೂ ಒಂದೇ ಅಳಿವೆಯಲ್ಲಿ, ಎಂದರೆ ಹೊಳೆ ಕಡಲು ಸೇರುವ ಜಾಗದಲ್ಲಿ, ಕೂಡುತ್ತಿದ್ದವು.

ಈ ಹೊಳೆಗಳಲ್ಲಿ ಹೊನ್ಮೀನುಗಳಿದ್ದವು. ಅವು ಹೊಳೆಯ ನೆತ್ತಿಯ ಮಡುವಿನಲ್ಲಿ ಹುಟ್ಟಿ, ಬೆರಳುದ್ದವಾದಾಗ ಕಡಲಿಗೆ ಹೋಗಿ, ತೋಳುದ್ದ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಮಡುವಿಗೇ ಮರಳುತ್ತಿದ್ದವು. ಆ ಕಾಲಕ್ಕೆ ಆಯಾ ಊರಿನ ಹೆಂಗಸರು ಮಡುವಿನ ನೀರನ್ನು ಕೊಡದಲ್ಲಿ ತಂದು ಅಳಿವೆಗೆ ಸುರಿದು, "ಬಾ, ಇದು ನಿನ್ನ ನೀರು" ಎಂದು ಕರೆಯುತ್ತಿದ್ದರು. ಇದಕ್ಕೆ 'ನೀರು ತೋರಿಸುವುದು' ಎಂದು ಹೆಸರು. ಮೀನು ನೀರನ್ನು ಮೂಸಿ ದಾರಿ ಹಿಡಿಯುತ್ತದೆ, ಅದಕ್ಕಾಗಿ ಈ ಪದ್ಧತಿ.

ಕಲ್ಲುಹೊಳೆಯ ಊರಿನಲ್ಲಿ, ಅಲ್ಲೇ ಹುಟ್ಟಿ ಬೆಳೆದ ದೇಮಣ್ಣ ಎಂಬವನಿದ್ದ. ಅಳಿವೆಯಲ್ಲಿ ಹರಿಗೋಲು ನಡೆಸುವುದು ಅವನ ಕೆಲಸ. ಅವನ ಹೆಂಡತಿ ಸಣ್ಣಾಯಿ. ಅವಳ ತವರು ಬಿಸಿಹೊಳೆ. ಕಲ್ಲುಹೊಳೆಯ ತಣ್ಣೀರಿನಲ್ಲಿ ಕಾಲಿಟ್ಟಾಗಲೆಲ್ಲ ಅವಳಿಗೆ ತವರು ನೆನಪಾಗುತ್ತಿತ್ತು. ಆದರೆ ಅವಳು ಹೇಳುತ್ತಿರಲಿಲ್ಲ.

ಒಂದು ದಿನ ಏಕಜಾಲ ಎಂಬ ಮಾಂತ್ರಿಕ ಹರಿಗೋಲು ಹತ್ತಿದ. "ಮೂರು ಹೊಳೆ ಯಾಕೆ? ಒಂದೇ ಮಾಡಿಬಿಡುತ್ತೇನೆ. ನೀರೆಂದರೆ ನೀರು, ಮೀನೆಂದರೆ ಮೀನು" ಎಂದ.

ದೇಮಣ್ಣ ನಕ್ಕುಬಿಟ್ಟ. "ಹಾಗಾದರೆ ಸ್ವಾಮೀ, ನಾಳೆಯಿಂದ ಅನ್ನಕ್ಕೆ ಸಾರು ಬೇಡ. ಕಡಲ ನೀರನ್ನೇ ಕಲಸಿಕೊಳ್ಳಿ!"

ಮಾಂತ್ರಿಕರಿಗೆ ನಗು ಸಹಿಸದು. ಏಕಜಾಲ ಕೋಲು ಬೀಸಿದ, ದೇಮಣ್ಣ ಮೀನಾಗಿ ನೀರಿಗೆ ಬಿದ್ದ. ಆ ರಾಜ್ಯದಲ್ಲಿ ಮನುಷ್ಯ ಮೀನಾದರೆ ತಾನು ಹುಟ್ಟಿದ ಊರಿನ ಹೊಳೆಯ ಮೀನೇ ಆಗುತ್ತಿದ್ದ. ಇದನ್ನು ನೆನಪಿಡಬೇಕು.

ದಡದಲ್ಲಿ ಚೀರುತ್ತಿದ್ದ ಸಣ್ಣಾಯಿಗೆ ಮಾಂತ್ರಿಕ ಹೇಳಿದ: "ಅಳಬೇಡ. ಮೂರರಲ್ಲಿ ಯಾವ ಹೊಳೆಯ ನೆತ್ತಿಯ ಮಡುವನ್ನು ಮುಟ್ಟಿದರೂ ಇವನು ಮನುಷ್ಯನಾಗುತ್ತಾನೆ. ಆದರೆ ತಾನೇ ಈಜಿ ಮುಟ್ಟಬೇಕು, ಯಾರಾದರೂ ಎತ್ತಿ ತಂದರೆ ಎಂದೆಂದಿಗೂ ಮೀನೇ. ಮುಟ್ಟಿದರೆ ನಾನು ನೊರೆಯಾಗಿ ಹೋಗಲಿ!" ಹೀಗೆಂದವನೇ ಕಲ್ಲುಹೊಳೆಯ ಜಲಪಾತವನ್ನು ತಾಳೆಮರದೆತ್ತರಕ್ಕೆ ಏರಿಸಿದ. ಮೀನು ಕಡಲಿಗೆ ಜಾರಿಹೋಯಿತು.

ಮಳೆಗಾಲಗಳು ಬಂದವು, ಹೋದವು. ಸಣ್ಣಾಯಿ ಊಟಕ್ಕೆ ಎರಡು ತಟ್ಟೆ ಇಡುತ್ತಿದ್ದಳು, ಆಮೇಲೆ ಒಂದನ್ನು ಎತ್ತಿಡುತ್ತಿದ್ದಳು. ಹೊನ್ಮೀನು ಮರಳುವ ಕಾಲದಲ್ಲಿ ಅಳಿವೆಗೆ ನೀರು ಸುರಿದು, ಪ್ರತಿ ಮೀನಿನ ಮುಖವನ್ನೂ ನೋಡುತ್ತಿದ್ದಳು.

ಕಡೆಗೊಂದು ಬೆಳಿಗ್ಗೆ ಒಂದು ಮೀನು ತಲೆಯೆತ್ತಿತು. "ಸಣ್ಣಾಯೀ, ಹರಿಗೋಲನ್ನು ಬಿಸಿಲಿಗೆ ಹಾಕಿದ್ದೀಯಾ? ತೊಗಲು ಕೊಳೆತೀತು!"

ಅವಳು ಅಳುತ್ತಲೇ ನಕ್ಕಳು. "ಕಡಲಿನಿಂದ ಬಂದು ಕೇಳೋ ಮಾತೇ ಇದು?"

ಅವಳು ಜಲಪಾತದತ್ತ ಕೈ ತೋರಿಸಿದಳು. "ಅದು ಬೇಡ, ನಿಮ್ಮ ಮೈ ಒಡೆದೀತು. ಯಾವ ಹೊಳೆಯಾದರೂ ಆದೀತಲ್ಲ, ನನ್ನ ತವರಿನ ಹೊಳೆಗೆ ಬನ್ನಿ. ಮೆತ್ತನೆಯ ನೀರು. ಅಲ್ಲಿ ನನಗೆ ಎಂದೂ ನೋವಾಗಿಲ್ಲ."

ಅವಳು ದಡದಲ್ಲಿ ನಡೆದಳು, ಅವನು ನೀರಿನಲ್ಲಿ ಈಜಿದ. ಅರ್ಧ ದಾರಿಯಲ್ಲಿ ನೀರು ಬೆಚ್ಚಗಾಯಿತು. ಬಿಸಿಹೊಳೆಯ ಮೀನುಗಳು ಹಾಯಾಗಿ ಮುಂದೆ ಹೋದವು. ದೇಮಣ್ಣ ಏದುಸಿರು ಬಿಡುತ್ತಾ ಮಗ್ಗುಲಾಗಿ ತೇಲಿದ.

"ನಿನ್ನ ನೀರು ಒಳ್ಳೆಯದೇ ಕಣೇ. ನನಗಾಗದು, ಅಷ್ಟೆ."

ಸಣ್ಣಾಯಿಗೆ ತವರುಮನೆಯ ಒಲೆಯ ಹೊಗೆ ಕಾಣುತ್ತಿತ್ತು. ಅವಳು ಅದಕ್ಕೆ ಬೆನ್ನು ತಿರುಗಿಸಿ, ಗಂಡನನ್ನು ಕರೆದುಕೊಂಡು ಹಿಂದಿರುಗಿದಳು.

ಆಮೇಲೆ ಕರಿಹೊಳೆಗೆ ಹೋದರು. ಅಲ್ಲಿ ಕತ್ತಲಂಥ ನೀರಿನಲ್ಲಿ ಅವನು ಬೇರಿಗೆ ಡಿಕ್ಕಿ ಹೊಡೆದ, ಕಲ್ಲಿಗೆ ಡಿಕ್ಕಿ ಹೊಡೆದ. ಬಂಡೆಯ ಮೇಲಿದ್ದ ಮಾಯದ ನೀರುನಾಯಿ ಇದನ್ನು ನೋಡಿ ಹೊಟ್ಟೆ ಹಿಡಿದು ನಕ್ಕಿತು.

"ಅಕ್ಕಾ, ಇಲ್ಲಿನ ಮೀನು ಮೀಸೆಯಿಂದ ದಾರಿ ತಡವುತ್ತದೆ. ನಿನ್ನ ಗಂಡನಿಗೆ ಮೀಸೆಯೇ ಇಲ್ಲ!"

"ಮನುಷ್ಯನಾಗಿದ್ದಾಗ ಇತ್ತು" ಎಂದಳು ಸಣ್ಣಾಯಿ, ಸಿಟ್ಟಿನಿಂದ.

ನೀರುನಾಯಿಗೆ ಕನಿಕರ ಬಂತು. "ಮೀನು ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ಆದರೂ ನಿನ್ನ ಗಂಡ ಅಂತ ಹೇಳುತ್ತೇನೆ, ಕೇಳು. ದಾರಿ ಕಾಣದ ಮೀನು ಮಡು ಸೇರಲಿಲ್ಲ, ಮೊಟ್ಟೆಯಿಡಲಿಲ್ಲ. ಮೀಸೆಯಿದ್ದದ್ದು ಸೇರಿತು, ಅದರ ಮರಿಗೂ ಮೀಸೆ ಬಂತು. ಅಜ್ಜಿಯ ಅಜ್ಜಿಯ ಕಾಲದಿಂದ ಹೀಗೆಯೇ. ಪ್ರತಿ ಮೀನನ್ನೂ ಅದರ ಹೊಳೆಯೇ ಕಡೆದಿದೆ. ಇವನಿಗೆ ಕಲ್ಲುಹೊಳೆ ಏನು ಕೊಟ್ಟಿದೆ, ಬಾಲ ನೋಡು."

ಸಣ್ಣಾಯಿ ನೋಡಿದಳು. ಇಷ್ಟು ಹೊತ್ತೂ ಅವಳು ಅವನ ಮುಖವನ್ನಷ್ಟೇ ನೋಡಿದ್ದಳು. ಬಾಲ ಹರಿಗೋಲಿನ ಹುಟ್ಟಿನಷ್ಟು ಅಗಲವಾಗಿ, ದಪ್ಪವಾಗಿ ಇತ್ತು.

ಕಡೆಗೆ ಕಲ್ಲುಹೊಳೆಗೆ ಬಂದರು. ದೇಮಣ್ಣ ಒಮ್ಮೆ ಹಾರಿದ, ಅರ್ಧಕ್ಕೆ ಬಿದ್ದ. ಇನ್ನೊಮ್ಮೆ ಹಾರಿದ, ಬಂಡೆಗೆ ಬಡಿದು ರಕ್ತ ಬಂತು.

ಏಕಜಾಲ ಜಲಪಾತದ ಮೇಲಿನಿಂದ ಕೂಗಿದ: "ಪಾಪ, ಸೆರಗಿನಲ್ಲಿ ಎತ್ತಿಕೊಂಡು ಬಾರೇ! ನಿನ್ನ ಗಂಡನಲ್ಲವೇ?"

ಸಣ್ಣಾಯಿಯ ಕೈ ನೀರಿಗೆ ಇಳಿದೇಬಿಟ್ಟಿತ್ತು. ಎತ್ತಿದರೆ ಅವನು ಎಂದೆಂದಿಗೂ ಮೀನೇ. ಅವಳು ಕೈ ಹಿಂದಕ್ಕೆಳೆದುಕೊಂಡು, ಬಂಡೆಗಳನ್ನು ಹತ್ತಿ, ನೆತ್ತಿಯ ಮಡುವಿನಲ್ಲಿ ಕೊಡ ಮುಳುಗಿಸಿದಳು. ನೀರು ಎಂದಿನಂತೆ ಅವಳ ಕೈ ಕೊರೆಯಿತು. ಆ ನೀರನ್ನು ಜಲಪಾತದ ತುದಿಯಿಂದ ಸುರಿದಳು.

"ಬನ್ನೀ! ಇದು ನಿಮ್ಮ ನೀರು!"

ಕೆಳಗೆ ಬಾಲ ಬಿಲ್ಲಿನಂತೆ ಬಾಗಿತು. ಮೀನು ನೊರೆಯನ್ನು ಸೀಳಿ, ಬಂಡೆಯ ಗುಳಿಯಿಂದ ಗುಳಿಗೆ ಚಿಮ್ಮಿ, ಅವಳ ತಲೆಯ ಮೇಲಿಂದ ಹಾರಿ ಮಡುವಿಗೆ ಬಿತ್ತು. ನೀರಿನಿಂದ ಎದ್ದು ನಿಂತವನಿಗೆ ಮೀಸೆಯಿತ್ತು.

ಮಾಂತ್ರಿಕರ ಮಾತು ಮಾಂತ್ರಿಕರನ್ನೂ ಕಟ್ಟುತ್ತದೆ. ಏಕಜಾಲ ನೊರೆಯಾಗಿ ಹರಿದುಹೋದ, ಜಲಪಾತ ಮೊದಲಿನಷ್ಟೇ ಆಯಿತು, ಹೊನ್ಮೀನುಗಳು ತಮ್ಮ ತಮ್ಮ ಹೊಳೆ ಹತ್ತಿದವು.

ಮನೆಗೆ ಬಂದು ಎರಡು ತಟ್ಟೆಯಲ್ಲೂ ಉಂಡ ಮೇಲೆ ದೇಮಣ್ಣ ಕೇಳಿದ: "ಕಡಲಿನಲ್ಲಿ ನನಗೆ ಈ ನೀರಿನದೇ ಹಂಬಲ. ನಿನಗೂ ಇಷ್ಟು ದಿನ ಹೀಗೇ ಆಗುತ್ತಿತ್ತೇ?"

ಸಣ್ಣಾಯಿ ತಟ್ಟೆ ತೊಳೆಯುತ್ತಾ ಹೌದೆಂದು ತಲೆಯಾಡಿಸಿದಳು.

ಅಂದಿನಿಂದ ಮೀನು ಮರಳುವ ಕಾಲ ಬಂದಾಗಲೆಲ್ಲ ದೇಮಣ್ಣ ಅವಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಬಿಸಿಹೊಳೆಗೆ ಹುಟ್ಟು ಹಾಕುತ್ತಿದ್ದ. ಅಲ್ಲಿ ಒಂದು ಬೊಗಸೆ ನೀರೆತ್ತಿ ಅವಳ ಪಾದಕ್ಕೆ ಸುರಿದು, "ತಗೋ, ಇದು ನಿನ್ನ ನೀರು" ಎನ್ನುತ್ತಿದ್ದ. ಹೀಗೆ ಅವರಿಬ್ಬರೂ ಸುಖವಾಗಿದ್ದರು, ಮೂರು ಹೊಳೆಗಳೂ ಮೂರಾಗಿಯೇ ಹರಿದವು.