ಸೆಟಲ್ ಆಗದವ

ಬೋರ್ಡಿನ ಮೇಲೆ ‘ಸೆಟಲ್’ ಎಂದು ಇಂಗ್ಲಿಷಿನಲ್ಲಿ ಬರೆದ ಮೇಲೆ, ಇದನ್ನು ಯಾಕಾದರೂ ಬರೆದೆನೋ ಅನ್ನಿಸಿತು ರೇಣುವಿಗೆ. ವಾರದಿಂದ ಮನೆಯಲ್ಲಿ ಎದ್ದರೂ ಅದೇ ಶಬ್ದ, ಕುಂತರೂ ಅದೇ ಶಬ್ದ. ಬೆಳಗಾವಿಯ ಹುಡುಗ ಸೆಟಲ್ ಆಗಿದ್ದಾನೆ, ಸರಕಾರಿ ನೌಕರಿ, ಸ್ವಂತ ಮನೆ, ಇನ್ನೇನು ಬೇಕು ಅಂತ ಅಪ್ಪ ಪರಪ್ಪನ ವರಾತ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ, ಔಷಧ ಅಂಗಡಿಯ ಮಹಡಿಯಲ್ಲಿ ಅವಳ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಸಂಜೆ ಕಾಲೇಜು ಹುಡುಗಿಯರು ಬರುತ್ತಿದ್ದರು, ನೌಕರಿ ಪರೀಕ್ಷೆಗೆ ಓದುವವರು ಬರುತ್ತಿದ್ದರು, ಹಿಂದಿನ ಬೆಂಚಿಗೆ ನಿಂಗರಾಜ ಬರುತ್ತಿದ್ದ. ಅವನದು ರಾಶಿ ಮಷಿನ್. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಊರೂರು ತಿರುಗಿ, ಕಣದಲ್ಲಿ ಒಟ್ಟಿದ ಜೋಳ, ಕಡಲೆ ಬಡಿದು ಕಾಳು ಮಾಡಿಕೊಡುವ ಕೆಲಸ. ಇಂಗ್ಲಿಷ್ ಯಾತಕ್ಕೆ ಎಂದರೆ, “ಮಷಿನ್ ಕಂಪನಿಯವರ ಜೋಡಿ ಮಾತಾಡಾಕ್ರಿ ಮಿಸ್” ಅನ್ನುತ್ತಿದ್ದ. ಕಂಪನಿಯವರು ಮರಾಠಿ ಮಂದಿ, ಇವನಿಗೆ ಮರಾಠಿ ಅರಳು ಹುರಿದಂತೆ ಬರುತ್ತಿತ್ತು. ಅವನು ಯಾಕೆ ಬರುತ್ತಾನೆಂದು ಇಡೀ ಕ್ಲಾಸಿಗೆ ಗೊತ್ತಿತ್ತು. ರೇಣುವಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು.

“ಒಂದು ಶಬ್ದಕ್ಕ ಎಷ್ಟು ಅರ್ಥ ನೋಡ್ರಿ” ಅಂದಳು. “ಊರಾಗ ನೆಲಿ ನಿಂತ್ರ ಸೆಟಲ್. ವ್ಯಾಜ್ಯ ಹರದ್ರ ಸೆಟಲ್. ಬಿಲ್ ಕೊಟ್ರೂ ಸೆಟಲ್. ಹಕ್ಕಿ ಟೊಂಗಿ ಮ್ಯಾಲೆ ಕುಂತ್ರೂ ಅದ, ಅಳೋ ಕೂಸು ಸುಮ್ಮನಾದ್ರೂ ಅದ, ಎದ್ದ ಧೂಳಿ ನೆಲಕ್ಕ ಇಳದ್ರೂ ಅದ. ಬದಲಿ ಶಬ್ದ ಹೇಳ್ರಿ ನೋಡೂಣು.”

ರಿಸಾಲ್ವ್, ಪೇ, ಲ್ಯಾಂಡ್, ಕಾಮ್ ಡೌನ್ ಎಂದು ಹುಡುಗಿಯರು ಒಬ್ಬರ ಮೇಲೊಬ್ಬರು ಕೂಗಿದರು. ಮುಂದಿನ ಬೆಂಚಿನ ವಿಜಯಾ ಕೇಳಿದಳು, “ಸೆಟಲ್ ಫಾರ್ ಅಂದ್ರ ಏನ್ರಿ ಮಿಸ್?”

“ಬೇಕಾದ್ದು ಸಿಗದಾಗ, ಸಿಕ್ಕಿದ್ದಕ್ಕ ಹೂಂ ಅನ್ನೋದು.” ಹೇಳಿದವಳೇ ಸೀಮೆಸುಣ್ಣ ಹುಡುಕುವ ನೆಪ ಮಾಡಿ ಬೋರ್ಡಿನ ಕಡೆ ತಿರುಗಿದಳು.

“ಮಿಸ್, ನಮ್ಮ ಮಷಿನ್ನಿನ ಧೂಳಿ ಸೈತ ದಿನಾ ಸೆಟಲ್ ಆಗತೈತಿ” ಎಂದ ನಿಂಗರಾಜ. “ನನ್ನ ಮಾತ್ರ ಯಾರೂ ಹಂಗ ಅನ್ನಂಗಿಲ್ಲ. ಯಾಕ್ರಿ?”

“ಮೊದ್ಲ ಕಾಲು ಅಲ್ಲಾಡಸೋದು ಬಿಡ್ರಿ. ಆಮ್ಯಾಲೆ ವಿಚಾರ ಮಾಡತೇವಿ.”

ಕ್ಲಾಸು ನಕ್ಕಿತು. ಬೆಂಚಿನ ಕೆಳಗೆ ಕುಣಿಯುತ್ತಿದ್ದ ಮೊಣಕಾಲನ್ನು ಅವನು ಎರಡೂ ಕೈಯಿಂದ ಒತ್ತಿ ಹಿಡಿದು ಅವಳನ್ನೇ ನೋಡಿದ. ಆ ನೋಟಕ್ಕೆ ಅವಳು ಸ್ಪೆಲಿಂಗ್ ತಪ್ಪು ಬರೆದು, ಅಳಿಸಿ, ಮತ್ತೆ ತಪ್ಪು ಬರೆದಳು.

ಎಲ್ಲರೂ ಇಳಿದು ಹೋದ ಮೇಲೆ ಮೆಟ್ಟಿಲ ಹತ್ತಿರ ಅವನು ನಿಂತೇ ಇದ್ದ.

“ಬೆಳಗಾವಿಯವ್ರು ಸೋಮವಾರ ಬರಾಕ ಹತ್ಯಾರ” ಎಂದಳು ರೇಣು. “ಬಂದ್ರಂದ್ರ ಅಪ್ಪ ಮಾತು ಕೊಟ್ಟಬಿಡ್ತಾನ. ನೀ ಐತವಾರ ಮುಂಜಾನಿ ಬಂದು ಕೇಳು. ಬರದಿದ್ರ ಮತ್ತ ಈ ಮೆಟ್ಟಿಲಾ ಹತ್ತಬ್ಯಾಡ.”

“ಬರತೇನಿ. ಏನಾದ್ರೂ ಬರತೇನಿ.”

ಐತವಾರದ ತನಕ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಹಾಲು ಉಕ್ಕಿಸಿದಳು, ಅವ್ವನಿಂದ ಬೈಸಿಕೊಂಡಳು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು.

ಅವನು ಬಂದ, ಹೇಳಿದ ಹೊತ್ತಿಗೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಕಿವಿಯ ಹಿಂದೆ ಮಾತ್ರ ಕಡಲೆಯ ಹೊಟ್ಟು ಹಾಗೇ ಉಳಿದಿತ್ತು. ಬಾಗಿಲ ಮರೆಯಿಂದ ಅದನ್ನು ಕಂಡು ರೇಣುವಿಗೆ ನಗು ಬಂತು.

ಹೆಣ್ಣು ಕೇಳಲು ಬಂದದ್ದು ತಿಳಿದ ಮೇಲೆ ಪರಪ್ಪ ಉಪ್ಪಿಟ್ಟಿನ ತಾಟು ಅವನ ಮುಂದೆ ಸರಿಸಿದ. “ತಗೋ ತಮ್ಮಾ. ಮನಿ ಎಲ್ಲಿ? ಹೊಲಾ ಎಷ್ಟು?” ಎಂದು ಶುರುಮಾಡಿದ. ನಿಂಗರಾಜ ಉತ್ತರ ಕೊಡುತ್ತಿದ್ದ, ಆದರೆ ಅವನ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು, ಕಣ್ಣು ಕಿಟಕಿಯಾಚೆಯ ಮೋಡದ ಮೇಲಿತ್ತು.

“ಯಾರದು, ತಗದು ಮಾತಾಡು.”

ಮಷಿನ್ ನೋಡಿಕೊಳ್ಳುವ ಲಗಮಣ್ಣನ ದನಿ ಪಡಸಾಲೆಗೆಲ್ಲ ಕೇಳಿಸಿತು. “ಅಣ್ಣಾ, ಮುನವಳ್ಳಿ ಕಡೆ ಮಾಡ ಕವದೈತಿ. ಬೆಲ್ಟ್ ಜಾರಾಕ ಹತ್ತೈತಿ, ನನ್ನ ಕೈಲೆ ಆಗವಲ್ದು. ತಂಗೆವ್ವನ ಕಡ್ಲಿ ಅರ್ಧಾ ಹಂಗ ಬಿದ್ದೈತಿ.”

ಪರಪ್ಪ ಈಗ ಪೇಟೆಯಲ್ಲಿ ಹಗ್ಗ, ಚೀಲ ಮಾರುವವ. ಹುಟ್ಟಿದ್ದು ಮಾತ್ರ ಸವದತ್ತಿ ಕಡೆಯ ಒಕ್ಕಲುತನದ ಮನೆಯಲ್ಲಿ. ಕಣಕ್ಕೆ ಪೂಜೆ ಮಾಡಿ ಹೂಡಿದ ರಾಶಿಯನ್ನು, ಕಾಳು ಚೀಲ ಸೇರುವ ತನಕ ಬಿಟ್ಟು ಏಳಬಾರದು ಎನ್ನುವುದು ಅವನ ಮನೆತನದಲ್ಲಿ ದೇವರಾಣೆಯಷ್ಟೇ ದೊಡ್ಡದು.

“ರಾಶಿ ಅರ್ಧಕ್ಕ ಬಿಟ್ಟು ಬಂದಿ?”

“ಹೌದ್ರಿ.”

“ಮಂದಿ ಅನ್ನಾ ಅರ್ಧಕ್ಕ ಬಿಟ್ಟು ಬಂದಾವ, ನಾಳೆ ನನ್ನ ಮಗಳ್ನ ಯಾವ ಅರ್ಧಕ್ಕ ಬಿಡ್ತೀಯೋ. ಚಾ ಕುಡದು ಹೋಗು.”

ನಿಂಗರಾಜ ತಲೆ ತಗ್ಗಿಸಿ ಎದ್ದ. ರೇಣು ಈಗ ಬಾಯಿಬಿಟ್ಟರೆ ಮನೆಯಲ್ಲಿ ಬಿರುಗಾಳಿ, ಬಿಡದಿದ್ದರೆ ಬೆಳಗಾವಿ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು.

“ಎಲ್ಲಿಗವಾ?” ಎಂದ ಪರಪ್ಪ.

“ಕಣಕ್ಕಪ್ಪಾ. ಅರ್ಧಾ ಬಿದ್ದೈತಂತಲ್ಲ.”

ಅಪ್ಪನ ಬಾಯಿ ತೆರೆದದ್ದು ಮುಚ್ಚುವ ಮೊದಲೇ ಅವಳು ನಿಂಗರಾಜನ ಬೈಕಿನ ಹಿಂದೆ ಕೂತಾಗಿತ್ತು. ದಾರಿಯುದ್ದಕ್ಕೂ ಎದುರಿನ ಗಾಳಿಯಲ್ಲಿ ಮಳೆಯ ವಾಸನೆ ಬರುತ್ತಿತ್ತು.

ಮುನವಳ್ಳಿಯ ಕಣದ ಅಂಚಿನಲ್ಲಿ ಕಡಲೆಯ ಒಡತಿ ತಂಗೆವ್ವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ರೇಣುವನ್ನು ಅಡಿಯಿಂದ ಮುಡಿಯ ತನಕ ನೋಡಿ, “ಕೇಳಾಕ ಕಳಿಸಿದ್ರ ಕರಕೊಂಡ ಬಂದ್ಯಲ್ಲೋ” ಅಂದಳು. ಆಮೇಲೆ ರೇಣುವಿನ ಕಡೆ ತಿರುಗಿ, “ಇವ ಒಲ್ಲೆ ಅಂತ ಕುಂತಿದ್ದವಾ. ನಾನ ಬೈದು ಹೊರಡಿಸಿದೆ. ನಾಕ ಚೀಲ ತೋಯ್ದ್ರ ತೋಯಲಿ, ಕಡ್ಲಿ ಮುಂದಿನ ವರ್ಷ ಬೆಳಿತೈತಿ ಅಂದೆ.”

ಅವನು ಆಗಲೇ ಬಿಳಿ ಅಂಗಿ ಕಳಚಿ ಬೆಲ್ಟಿನ ಮುಂದೆ ಕೂತಿದ್ದ.

“ಅಪ್ಪನ ಮುಂದ ಇದನ್ನ ಯಾಕ ಹೇಳಲಿಲ್ಲ?”

“ಹೋಗು ಅಂದಾಕಿ ಆಕಿ. ಬಿಟ್ಟು ಬಂದಾವ ನಾನ ಅಲ್ಲ?”

ಮಷಿನ್ ಶುರುವಾಯಿತು. ರೇಣು ಸೀರೆಯ ಸೆರಗು ಕಟ್ಟಿ ಕಡಲೆಯ ಸಿವುಡು ಹೊತ್ತು ತಂದಳು. ಎಲೆಯ ಹುಳಿ ಕೈ ಉರಿಸಿತು, ಹೊಟ್ಟು ಕಣ್ಣು ಮುಚ್ಚಿಸಿತು. ಅವನು ತಿರುತಿರುಗಿ ನೋಡುತ್ತಿದ್ದ. ಅವಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

“ನಾಳೆ ಅವ್ರು ಬಂದ್ರ ಏನ್ ಮಾಡ್ತಿ?”

“ಏನಂದಿ?” ಗದ್ದಲದಲ್ಲಿ ಅವನಿಗೇನೂ ಕೇಳಿಸದು.

ಅವಳು ಕುತ್ತಿಗೆಯ ನರ ಉಬ್ಬಿಸಿ ಕೂಗಿದಳು. ಅದೇ ಗಳಿಗೆಗೆ ಲಗಮಣ್ಣ ಮಷಿನ್ ಬಂದ್ ಮಾಡಿದ. “ನಂಗ ನೀನ ಬೇಕು, ಊರೂರು ತಿರಗಿದ್ರೂ ನೀನ ಬೇಕು” ಎನ್ನುವುದು ಮುನವಳ್ಳಿಯ ಅರ್ಧ ಹೊಲಗಳಿಗೆ ಕೇಳಿಸಿತು.

ಕಣದ ಅಂಚಿನಲ್ಲಿ ಸ್ಕೂಟರು ನಿಲ್ಲಿಸುತ್ತಿದ್ದ ಪರಪ್ಪನಿಗೂ ಕೇಳಿಸಿತು. ಅವನ ಹಿಂದಿನ ಸೀಟಿಗೆ ಅಂಗಡಿಯಿಂದ ತಂದ, ಮಳೆಗೆ ಹೊದಿಸುವ ದೊಡ್ಡ ತಾಡಪತ್ರಿಯ ಸುರುಳಿ ಕಟ್ಟಿತ್ತು. ರೇಣು ನೆಲ ನೋಡಿದಳು. ತಂಗೆವ್ವ ಮಾತ್ರ ಹತ್ತಿರ ಹೋಗಿ, ಮುಂಜಾನೆ ಹುಡುಗನನ್ನು ಕಳಿಸಿದ್ದು ತಾನೇ ಎಂದು ಇದ್ದದ್ದು ಇದ್ದಂತೆ ಹೇಳಿದಳು. ಪರಪ್ಪ ಕೇಳಿಸಿಕೊಂಡು ಸೀಟಿಗೆ ಕಟ್ಟಿದ ಹಗ್ಗಕ್ಕೆ ಕೈ ಹಾಕಿದ.

“ಮಳಿ ಬಂತು. ಮೊದ್ಲ ಇದನ್ನ ಹಾಸ್ರಿ” ಎಂದು ಸುರುಳಿ ಬಿಚ್ಚಿದ.

ದಪ್ಪ ಹನಿ ಬೀಳತೊಡಗಿದಾಗ ಕಾಳಿನ ರಾಶಿಯೂ ಉಳಿದ ಒಟ್ಟಿಲೂ ಮುಚ್ಚಿದ್ದವು. ಗಾಳಿ ಎತ್ತಿ ಒಗೆಯದಂತೆ ಒಂದು ಮೂಲೆಯನ್ನು ನಿಂಗರಾಜ ತುಳಿದು ನಿಂತಿದ್ದ, ಪಕ್ಕದ ಮೂಲೆಯನ್ನು ಪರಪ್ಪ. ಪರಪ್ಪ ಒಂದು ಕೈಯಿಂದ ಫೋನು ತೆಗೆದು ಬೆಳಗಾವಿಗೆ ಹಚ್ಚಿದ.

“ಸಾಹೇಬ್ರ, ನಾಳೆ ಬರೋ ತ್ರಾಸ ತಗೋಬ್ಯಾಡ್ರಿ. ಹುಡುಗಿ ಒಲ್ಲೆ ಅಂದಾಳ್ರಿ. ಹೂಂನ್ರಿ, ಬ್ಯಾರೆ ಹುಡುಗ ಅದಾನ್ರಿ. ಏನ್ ಮಾಡ್ತಾನಂತೀರೇನ್ರಿ?”

ತೊಯ್ದು ತೊಪ್ಪೆಯಾಗಿ ನಿಂತವನನ್ನು ಅವನು ಒಂದು ಗಳಿಗೆ ನೋಡಿದ.

“ಸದ್ಯಕ್ಕ ನನ್ನ ಜೋಡಿ ತಾಡಪತ್ರಿ ಹಿಡದಾನ್ರಿ.”

ರೇಣು ಹಾರುತ್ತಿದ್ದ ಮೂರನೆಯ ಮೂಲೆಯ ಕಡೆ ಓಡಿದಳು.